ಬಸ್ಸಿನ ಸದ್ದು ಹೊರಗಿರಲಿ, ಕಿವಿ ಕ್ಷೇಮವಾಗಿರಲಿ: ಕೈಗೆಟುಕುವ ಬೆಲೆಯ ಮುಚ್ಚಿದ ಹೆಡ್‌ಫೋನ್ ಆರಿಸುವುದು ಹೇಗೆ?

ನಮ್ಮ ವರದಿಗಾರರಿಂದ

ಶ್ರೀರಂಗಪಟ್ಟಣ: ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಮೂಲಕ ಜೋರಾಗಿ ಹಾಡು, ವಿಡಿಯೊ ಹಾಕಿ ಸಹಪ್ರಯಾಣಿಕರಿಗೆ ಕಿರಿಕಿರಿ ಉಂಟುಮಾಡುವಂತಿಲ್ಲ ಎಂದು 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಆದೇಶ ಹೊರಡಿಸಿತು. ರಾಜ್ಯ ಹೈಕೋರ್ಟ್‌ನ ನಿರ್ದೇಶನದ ಹಿನ್ನೆಲೆಯಲ್ಲಿ ಬಂದ ಈ ಆದೇಶ, ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಲು ಸಿಬ್ಬಂದಿಗೆ ಅವಕಾಶ ನೀಡಿತು. ಮರುವರ್ಷ, 2022ರ ಜನವರಿಯಲ್ಲಿ, ರಾತ್ರಿ ವೇಳೆ ಜೋರಾಗಿ ಹಾಡು ಹಾಕುವವರಿಗೆ ಕಡಿವಾಣ ಹಾಕುವಂತೆ ರೈಲ್ವೆ ಇಲಾಖೆಯೂ ತನ್ನ ಸಿಬ್ಬಂದಿಗೆ ಸೂಚಿಸಿತು. ಹೀಗಾಗಿ ದಿನನಿತ್ಯ ಪ್ರಯಾಣಿಸುವವರಿಗೆ ಹೆಡ್‌ಫೋನ್ ಶೋಕಿಯ ವಸ್ತುವಾಗಿ ಉಳಿದಿಲ್ಲ. ಚೀಲದಲ್ಲಿ ಬುತ್ತಿ, ನೀರಿನ ಬಾಟಲಿಯ ಜೊತೆಗೆ ಅದೂ ಇರಬೇಕಾಗಿದೆ.

ಮಂಡ್ಯ ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳ ಜನರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿವೆ. ಕೆ.ಆರ್.ಪೇಟೆಯವರಿಗೆ ಬಸ್ಸೇ ಮುಖ್ಯ. ತಾಲ್ಲೂಕಿನ ಅಕ್ಕಿಹೆಬ್ಬಾಳು ಮತ್ತು ಮಂದಗೆರೆ ನಿಲ್ದಾಣಗಳಲ್ಲಿ ಮೈಸೂರು-ಹಾಸನ ಮಾರ್ಗದ ರೈಲು ಸಿಗುತ್ತದೆ. ನಾಗಮಂಗಲ ಪಟ್ಟಣಕ್ಕೆ ರೈಲಿಲ್ಲ. ಬೆಂಗಳೂರು-ಹಾಸನ ಮಾರ್ಗವು 2017ರಲ್ಲಿ ಪೂರ್ಣಗೊಂಡ ನಂತರ ತಾಲ್ಲೂಕಿನ ಬಿ.ಜಿ.ನಗರದಲ್ಲಿ ರೈಲು ಹತ್ತುವ ಅನುಕೂಲ ಒದಗಿದೆ. ಓದು, ಉದ್ಯೋಗ, ಆಸ್ಪತ್ರೆಗೆಂದು ಮೈಸೂರು, ಮಂಡ್ಯ, ಬೆಂಗಳೂರುಗಳಿಗೆ ಹೋಗಿಬರುವವರು ದಿನದ ಎರಡರಿಂದ ನಾಲ್ಕು ಗಂಟೆಯನ್ನು ಎಂಜಿನ್ ಸದ್ದಿನಲ್ಲೇ ಕಳೆಯುತ್ತಾರೆ.

ಆ ಸದ್ದಿನಲ್ಲಿ ಹಾಡು ಕೇಳಿಸಬೇಕೆಂದರೆ ಸುಲಭದ ದಾರಿ ವಾಲ್ಯೂಮ್ ಏರಿಸುವುದು. ಕಿವಿಗೆ ಅಪಾಯಕಾರಿಯಾದ ದಾರಿಯೂ ಅದೇ. ಪ್ರಯಾಣಕ್ಕಾಗಿ ಹೆಡ್‌ಫೋನ್ ಕೊಳ್ಳುವವರು ಮೊದಲು ವಿಚಾರಿಸಬೇಕಾದುದು ‘ಬೇಸ್ ಎಷ್ಟಿದೆ’ ಎಂಬುದನ್ನಲ್ಲ; ‘ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ’ ಎಂಬುದನ್ನು. ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಕಡಿಮೆ ಹಣದಲ್ಲೂ ಒಳ್ಳೆಯ ಆಯ್ಕೆ ಸಾಧ್ಯ.

ಮುಚ್ಚಿದ ಹೆಡ್‌ಫೋನ್ ಎಂದರೇನು?

ಹೆಡ್‌ಫೋನ್‌ನ ಪ್ರತಿ ಬಟ್ಟಲಿನೊಳಗೆ ಕಂಪಿಸುವ ಒಂದು ತೆಳುವಾದ ಪೊರೆ ಇರುತ್ತದೆ. ಅದು ಹಿಂದೆ ಮುಂದೆ ಕಂಪಿಸಿದಾಗ ಮುಂಬದಿಯಿಂದ ಕಿವಿಯ ಕಡೆಗೂ, ಹಿಂಬದಿಯಿಂದ ಹೊರಗಡೆಗೂ ಶಬ್ದದ ಅಲೆಗಳು ಹೊರಡುತ್ತವೆ. ಹಿಂಬದಿಯಲ್ಲಿ ಜಾಲರಿ ಅಥವಾ ರಂಧ್ರಗಳನ್ನಿಟ್ಟು ಈ ಅಲೆಗಳನ್ನು ಹೊರಗೆ ಬಿಟ್ಟರೆ ಅದು ತೆರೆದ ಹೆಡ್‌ಫೋನ್. ಹಿಂಬದಿಯನ್ನು ಗಟ್ಟಿಯಾದ ಪ್ಲಾಸ್ಟಿಕ್ ಅಥವಾ ಲೋಹದ ಬಟ್ಟಲಿನಿಂದ ಮುಚ್ಚಿದ್ದರೆ ಅದು ಮುಚ್ಚಿದ ಹೆಡ್‌ಫೋನ್. ಡಬ್ಬದ ಮೇಲೆ ಇದನ್ನು ‘ಕ್ಲೋಸ್ಡ್ ಬ್ಯಾಕ್’ ಎಂದು ನಮೂದಿಸಿರುತ್ತಾರೆ.

ತೆರೆದ ಬಗೆಯಲ್ಲಿ ಸಂಗೀತ ಹೆಚ್ಚು ಸಹಜವಾಗಿ, ವಿಶಾಲವಾಗಿ ಕೇಳಿಸುತ್ತದೆ ಎಂಬುದು ನಿಜ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಮಾದರಿಯ ಮೂಲಕ ಈ ಬಗೆಯನ್ನು ಜನಪ್ರಿಯಗೊಳಿಸಿತು. 1979ರಲ್ಲಿ ಸೋನಿ ಕಂಪನಿ ಬಿಡುಗಡೆ ಮಾಡಿದ ವಾಕ್‌ಮನ್ ಜೊತೆಗೆ ಬಂದ ಸ್ಪಂಜಿನ ಹಗುರ ಹೆಡ್‌ಫೋನ್ ಸಹ ಹೊರಗಿನ ಸದ್ದನ್ನು ಒಳಗೆ ಬಿಡುವಂಥದ್ದೇ. ಮನೆಯ ನಿಶ್ಶಬ್ದ ಕೋಣೆಗೆ ಇವು ಚೆನ್ನ. ಬಸ್ಸಿಗೆ ಮಾತ್ರ ಸಲ್ಲವು. ಹೊರಗಿನ ಸದ್ದು ಸರಾಗವಾಗಿ ಒಳನುಗ್ಗುತ್ತದೆ, ಒಳಗಿನ ಹಾಡು ಪಕ್ಕದ ಸೀಟಿನವರಿಗೂ ಕೇಳಿಸುತ್ತದೆ. ಮುಚ್ಚಿದ ಬಗೆಯು ಎರಡನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಮೇಲೆ ಹೇಳಿದ ಆದೇಶವನ್ನು ಪಾಲಿಸುವ ಉದ್ದೇಶವೂ ಇದರಿಂದಲೇ ಪೂರ್ಣವಾಗಿ ಈಡೇರುತ್ತದೆ.

ದಿನಕ್ಕೆ ನಾಲ್ಕು ಗಂಟೆಯ ಲೆಕ್ಕ

ಶಬ್ದದ ಪ್ರಮಾಣವನ್ನು ಡೆಸಿಬಲ್‌ನಲ್ಲಿ ಅಳೆಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕಾಲ 80 ಡೆಸಿಬಲ್ ಮಟ್ಟದಲ್ಲಿ ಆಲಿಸಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬಲ್.

ಡೆಸಿಬಲ್ ಲೆಕ್ಕ ಸಾಮಾನ್ಯ ಲೆಕ್ಕದಂತಲ್ಲ. ಪ್ರತಿ 3 ಡೆಸಿಬಲ್ ಏರಿಕೆಗೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಕಿವಿ ಸಹಿಸಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ಆ ಪ್ರಕಾರ 83 ಡೆಸಿಬಲ್‌ಗೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ, 92ಕ್ಕೆ ಕೇವಲ ಎರಡೂವರೆ ಗಂಟೆ.

ಪಾಂಡವಪುರದಿಂದ ಬೆಂಗಳೂರಿಗೆ ವಾರದಲ್ಲಿ ಐದು ದಿನ ಹೋಗಿಬರುವ ಒಬ್ಬ ಉದ್ಯೋಗಿ ದಿನಕ್ಕೆ ನಾಲ್ಕು ಗಂಟೆ ಹೆಡ್‌ಫೋನ್ ಹಾಕಿಕೊಂಡರೆ ವಾರಕ್ಕೆ 20 ಗಂಟೆಯಾಯಿತು. 83 ಡೆಸಿಬಲ್‌ವರೆಗೆ ಆತ ಸುರಕ್ಷಿತ ಮಿತಿಯೊಳಗಿದ್ದಾನೆ. ರೈಲಿನ ಸದ್ದನ್ನು ಮೀರಿಸಲು 89 ಡೆಸಿಬಲ್‌ಗೆ ಏರಿಸಿದರೆ ಅದೇ 20 ಗಂಟೆ ಮಿತಿಯ ನಾಲ್ಕು ಪಟ್ಟಾಗುತ್ತದೆ. ಸರಿಯಾಗಿ ಮುಚ್ಚಿಕೊಳ್ಳುವ ಹೆಡ್‌ಫೋನ್ ಹೊರಗಿನ ಸದ್ದನ್ನು ಕಡಿಮೆ ಮಾಡಿ ವಾಲ್ಯೂಮನ್ನು 6 ಡೆಸಿಬಲ್ ಇಳಿಸಲು ಅನುವು ಮಾಡಿಕೊಟ್ಟರೂ ಸಾಕು, ಆತ ಮತ್ತೆ ಮಿತಿಯೊಳಗೆ ಬರುತ್ತಾನೆ. ಹೆಡ್‌ಫೋನ್‌ಗೆ ಕೊಡುವ ಹಣದಿಂದ ದೊರೆಯುವ ನಿಜವಾದ ಲಾಭ ಈ 6 ಡೆಸಿಬಲ್.

ಒಳಕಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ನಷ್ಟ ನಿಧಾನವಾಗಿ, ನೋವಿಲ್ಲದೆ ಆಗುವುದರಿಂದ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಅಸುರಕ್ಷಿತ ಆಲಿಸುವಿಕೆಯಿಂದ ಜಗತ್ತಿನ ನೂರು ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಯಾವ ಸದ್ದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ?

ಮುಚ್ಚಿದ ಹೆಡ್‌ಫೋನ್ ಎಲ್ಲ ಸದ್ದನ್ನೂ ಒಂದೇ ಪ್ರಮಾಣದಲ್ಲಿ ತಡೆಯುವುದಿಲ್ಲ. ಮಾತು, ಹಾರ್ನ್, ಕಿಟಕಿ ಗಾಜಿನ ಗಲಗಲ, ಬ್ರೇಕಿನ ಕಿರುಗುಟ್ಟುವಿಕೆ ಮುಂತಾದ ಮಧ್ಯಮ ಮತ್ತು ಹೆಚ್ಚು ಕಂಪನಾಂಕದ ಸದ್ದುಗಳನ್ನು ಚೆನ್ನಾಗಿ ತಗ್ಗಿಸುತ್ತದೆ. ಡೀಸೆಲ್ ಎಂಜಿನ್ನಿನ ಗುಂಯ್‌ಗುಡುವಿಕೆ, ರೈಲು ಗಾಲಿಯ ಗುಡುಗುಡು ಮುಂತಾದ ಕಡಿಮೆ ಕಂಪನಾಂಕದ ಸದ್ದುಗಳು ಬಟ್ಟಲನ್ನು ದಾಟಿ ಒಳಬರುತ್ತವೆ.

ಈ ಗುಂಯ್‌ಗುಡುವಿಕೆಯನ್ನು ತಡೆಯಲೆಂದೇ ‘ನಾಯ್ಸ್ ಕ್ಯಾನ್ಸಲಿಂಗ್’ ತಂತ್ರಜ್ಞಾನ ಬಂದಿದೆ. ಬಟ್ಟಲಿನ ಸಣ್ಣ ಮೈಕ್ ಹೊರಗಿನ ಸದ್ದನ್ನು ಗ್ರಹಿಸುತ್ತದೆ. ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಯಂತ್ರ ಉತ್ಪಾದಿಸಿ ಎರಡೂ ಪರಸ್ಪರ ರದ್ದಾಗುವಂತೆ ಮಾಡುತ್ತದೆ. ಒಂದೇ ಸಮನೆ ಬರುವ ಎಂಜಿನ್ ಸದ್ದಿಗೆ ಇದು ಪರಿಣಾಮಕಾರಿ. ಪಕ್ಕದವರ ಮಾತಿಗೆ ಅಷ್ಟಾಗಿ ಅಲ್ಲ. ಹಿಂದೆ ದುಬಾರಿ ಮಾದರಿಗಳಿಗೆ ಮೀಸಲಾಗಿದ್ದ ಈ ಸೌಲಭ್ಯ ಈಗ ಮಧ್ಯಮ ಬೆಲೆಯ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಲಭ್ಯವಿದೆ. ಆದರೆ ಒಂದು ಎಚ್ಚರಿಕೆ: ಡಬ್ಬದ ಮೇಲೆ ‘ಇಎನ್‌ಸಿ’ ಎಂದಿದ್ದರೆ ಅದು ಫೋನ್ ಕರೆಯಲ್ಲಿ ನಿಮ್ಮ ಧ್ವನಿ ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳಿಸಲು ಮಾಡಿರುವ ವ್ಯವಸ್ಥೆ. ನಿಮ್ಮ ಕಿವಿಗೆ ಬರುವ ಸದ್ದನ್ನು ಕಡಿಮೆ ಮಾಡುವುದು ‘ಎಎನ್‌ಸಿ’. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಗ್ರಾಹಕರು ಮೋಸ ಹೋಗುವ ಸಂಭವವಿದೆ.

ಕಿವಿಯ ಮೇಲೋ, ಕಿವಿಯ ಸುತ್ತಲೋ?

ಮುಚ್ಚಿದ ಹೆಡ್‌ಫೋನ್‌ಗಳಲ್ಲಿ ಎರಡು ವಿಧ. ಮೆತ್ತೆಯು ಕಿವಿಯ ಮೇಲೆ ಕೂರುವುದು ‘ಆನ್ ಇಯರ್’. ಮೆತ್ತೆಯು ಕಿವಿಯನ್ನು ಸುತ್ತುವರಿದು ತಲೆಗೆ ಒತ್ತಿಕೊಳ್ಳುವುದು ‘ಓವರ್ ಇಯರ್’.

ಆನ್ ಇಯರ್ ಚಿಕ್ಕದು, ಹಗುರ, ಮಡಚಿ ಚೀಲಕ್ಕೆ ಹಾಕಬಹುದು, ಬೆಲೆಯೂ ಕಡಿಮೆ. ಆದರೆ ಕಿವಿಯ ಏರುತಗ್ಗುಗಳ ಮೇಲೆ ಮೆತ್ತೆ ಪೂರ್ತಿಯಾಗಿ ಕೂರುವುದಿಲ್ಲ. ಸಂದುಗಳಲ್ಲಿ ಸದ್ದು ನುಸುಳುತ್ತದೆ. ಒಂದು ಗಂಟೆಯ ನಂತರ ಕಿವಿಯ ಅಂಚು ನೋಯುವುದೂ ಉಂಟು. ಓವರ್ ಇಯರ್ ದೊಡ್ಡದು, ಬೇಸಿಗೆಯಲ್ಲಿ ಬೆವರಿಳಿಸುತ್ತದೆ. ಆದರೆ ಸದ್ದು ತಡೆಯುವುದರಲ್ಲಿ, ದೀರ್ಘಕಾಲದ ಆರಾಮದಲ್ಲಿ ಮುಂದು.

ಎರಡು ಹೆಸರಾಂತ ಮಾದರಿಗಳನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸೋನಿಯ ಎಂಡಿಆರ್-ಝಡ್‌ಎಕ್ಸ್110 ಆನ್ ಇಯರ್ ವಿಧದ್ದು. 30 ಮಿ.ಮೀ. ಪೊರೆ, ಸುಮಾರು 1.2 ಮೀಟರ್ ತಂತಿ, ಮಡಚುವ ಸೌಲಭ್ಯ. ಆಡಿಯೊ ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ಓವರ್ ಇಯರ್ ವಿಧದ್ದು. 40 ಮಿ.ಮೀ. ಪೊರೆ, ಸುಮಾರು 190 ಗ್ರಾಂ ತೂಕ, 3 ಮೀಟರ್ ತಂತಿ. ಎರಡನೆಯದು ಸದ್ದನ್ನು ಹೆಚ್ಚು ತಡೆಯುತ್ತದೆ. ಆದರೆ ಅದು ಧ್ವನಿಮುದ್ರಣ ಕೋಣೆಗಳನ್ನು ಗಮನದಲ್ಲಿಟ್ಟು ರೂಪಿಸಿದ್ದು. ಮೂರು ಮೀಟರ್ ತಂತಿಯನ್ನು ನಿಂತು ಪ್ರಯಾಣಿಸುವ ಬಸ್ಸಿನಲ್ಲಿ ಸಂಭಾಳಿಸುವುದು ಕಷ್ಟ. ಹೊತ್ತೊಯ್ಯಲು ಯೋಗ್ಯವೇ ಎಂಬುದನ್ನು ಶಬ್ದದ ಗುಣಮಟ್ಟದಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಶ್ರೀರಂಗಪಟ್ಟಣದಿಂದ ಮೈಸೂರಿಗೆ ಇರುವ ಸುಮಾರು 15 ಕಿ.ಮೀ. ದೂರವನ್ನಷ್ಟೇ ಕ್ರಮಿಸುವ ವಿದ್ಯಾರ್ಥಿಗೆ ಆನ್ ಇಯರ್ ಸಾಕಾಗಬಹುದು. ನಾಗಮಂಗಲ ಅಥವಾ ಕೆ.ಆರ್.ಪೇಟೆಯಿಂದ ಬೆಂಗಳೂರಿಗೆ ಹೋಗುವವರು ಓವರ್ ಇಯರ್ ಕಡೆಗೆ ನೋಡುವುದು ಒಳ್ಳೆಯದು.

ಕೈಯಲ್ಲಿ ಐನೂರು ರೂಪಾಯಿ ಮಾತ್ರ ಇದ್ದರೆ? ಸಡಿಲವಾದ ಅಗ್ಗದ ಆನ್ ಇಯರ್‌ಗಿಂತ, ರಬ್ಬರ್ ತುದಿಯು ಕಿವಿಗೆ ಸರಿಯಾಗಿ ಹೊಂದುವ ಇಯರ್‌ಫೋನ್ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಕಿವಿಯಲ್ಲಿ ತುರಿಕೆ, ಸೋರುವಿಕೆ, ಗುಗ್ಗೆ ಕಟ್ಟುವ ತೊಂದರೆ ಇರುವವರು ಮಾತ್ರ ಕಿವಿಯೊಳಗೆ ತೂರಿಸುವ ಸಾಧನಗಳಿಂದ ದೂರವಿರಬೇಕು. ಅವರಿಗೆ ಹೊರಗಿನಿಂದ ಮುಚ್ಚುವ ಹೆಡ್‌ಫೋನೇ ಸೂಕ್ತ.

ಡಬ್ಬದ ಮೇಲಿನ ಅಂಕಿಗಳು

ಡಬ್ಬದ ಮೇಲೆ ಮುದ್ರಿಸಿರುವ ಅಂಕಿಗಳಲ್ಲಿ ಕೆಲವು ಉಪಯುಕ್ತ, ಕೆಲವು ಅಲಂಕಾರಕ್ಕೆ.

* ಇಂಪೀಡೆನ್ಸ್: ವಿದ್ಯುತ್ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಹೇಳುತ್ತಾರೆ. ಮೊಬೈಲ್‌ಗೆ 16ರಿಂದ 50 ಓಮ್ ಒಳಗಿನದು ಅನುಕೂಲ. ಝಡ್‌ಎಕ್ಸ್110 ಮಾದರಿಯದು 24 ಓಮ್, ಎಂ20ಎಕ್ಸ್ ಮಾದರಿಯದು 47 ಓಮ್. 250 ಓಮ್‌ನ ಸ್ಟುಡಿಯೊ ಮಾದರಿಗಳು ಮೊಬೈಲ್‌ನಲ್ಲಿ ಕ್ಷೀಣವಾಗಿ ಕೇಳಿಸಬಹುದು.

* ಸೆನ್ಸಿಟಿವಿಟಿ: ಒಂದು ಮಿಲಿವ್ಯಾಟ್ ವಿದ್ಯುತ್ತಿಗೆ ಎಷ್ಟು ಡೆಸಿಬಲ್ ಶಬ್ದ ಹೊರಡುತ್ತದೆ ಎಂಬ ಅಳತೆ. ಮೊಬೈಲ್ ಬಳಕೆಗೆ 95ಕ್ಕಿಂತ ಹೆಚ್ಚಿದ್ದರೆ ಸಾಕು. ಇದು ಗುಣಮಟ್ಟದ ಅಳತೆಯಲ್ಲ, ಎಷ್ಟು ಜೋರು ಎಂಬುದರ ಅಳತೆ ಮಾತ್ರ.

* ಫ್ರೀಕ್ವೆನ್ಸಿ: ‘20ರಿಂದ 20,000 ಹರ್ಟ್ಸ್’ ಎಂಬ ಬರಹ ಹೆಚ್ಚಿನ ಡಬ್ಬಗಳ ಮೇಲಿರುತ್ತದೆ. ಆ ವ್ಯಾಪ್ತಿಯಲ್ಲಿ ಶಬ್ದ ಎಷ್ಟು ಏರಿಳಿಯುತ್ತದೆ ಎಂಬುದನ್ನು ಹೇಳದಿದ್ದರೆ ಈ ಅಂಕಿಯಿಂದ ತಿಳಿಯುವುದು ಏನೂ ಇಲ್ಲ.

* ಪೊರೆಯ ಅಗಲ: 40 ಮಿ.ಮೀ.ಗಿಂತ 50 ಮಿ.ಮೀ. ಉತ್ತಮ ಎಂಬ ನಂಬಿಕೆ ಇದೆ. ಪೊರೆಯ ವಸ್ತು, ಬಟ್ಟಲಿನ ರಚನೆ, ಮೆತ್ತೆಯ ಹೊಂದಾಣಿಕೆ ಸರಿಯಿಲ್ಲದಿದ್ದರೆ ಅಗಲದಿಂದ ಪ್ರಯೋಜನವಿಲ್ಲ.

* ‘ಎಕ್ಸ್‌ಟ್ರಾ ಬೇಸ್’: ಕೆಳಸ್ವರಗಳನ್ನು ಉಬ್ಬಿಸಿರುವ ಮಾದರಿ. ತಮಟೆ, ಡೊಳ್ಳಿನ ಸದ್ದಿಗೆ ಮೊದಮೊದಲು ಆಕರ್ಷಕ. ಆದರೆ ಗಾಯಕರ ಧ್ವನಿ, ಪಾಠದ ವಿಡಿಯೊದಲ್ಲಿನ ಮಾತು ಮಸುಕಾಗುತ್ತದೆ. ಮಾತು ಸ್ಪಷ್ಟವಾಗಿ ಕೇಳಿಸದಾಗ ಕೈ ತಾನಾಗಿ ವಾಲ್ಯೂಮ್ ಗುಂಡಿಯತ್ತ ಹೋಗುತ್ತದೆ.

ತಂತಿಯೋ, ಬ್ಲೂಟೂತೋ?

ಒಂದೇ ಬೆಲೆಯಲ್ಲಿ ಹೋಲಿಸಿದರೆ ತಂತಿಯುಳ್ಳ ಹೆಡ್‌ಫೋನ್‌ನಲ್ಲಿ ಶಬ್ದದ ಗುಣಮಟ್ಟ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಬ್ಯಾಟರಿ, ರೇಡಿಯೊ ಚಿಪ್ಪುಗಳಿಗೆ ವೆಚ್ಚವಾಗುವ ಹಣ ಇಲ್ಲಿ ಪೊರೆ ಮತ್ತು ಮೆತ್ತೆಗೆ ಹೋಗುತ್ತದೆ ಎಂಬುದು ಕಾರಣ. ಚಾರ್ಜ್ ಮಾಡುವ ಗೋಜಿಲ್ಲ. ಇನ್ನೊಂದು ಅನುಕೂಲವೂ ಉಂಟು: ಎಫ್‌ಎಂ ಸೌಲಭ್ಯವಿರುವ ಮೊಬೈಲ್‌ಗಳು ಹೆಡ್‌ಫೋನ್ ತಂತಿಯನ್ನೇ ಆಂಟೆನಾ ಆಗಿ ಬಳಸಿಕೊಳ್ಳುತ್ತವೆ. ಮೈಸೂರು ಆಕಾಶವಾಣಿಯನ್ನು ಇಂಟರ್‌ನೆಟ್ ಇಲ್ಲದೆ ಕೇಳಬೇಕೆನ್ನುವವರಿಗೆ ತಂತಿ ಬೇಕೇ ಬೇಕು.

ಕೊಳ್ಳುವ ಮುನ್ನ ನಿಮ್ಮ ಮೊಬೈಲ್‌ನಲ್ಲಿ 3.5 ಮಿ.ಮೀ. ದುಂಡು ಕಿಂಡಿ ಇದೆಯೇ ನೋಡಿಕೊಳ್ಳಿ. ಆ್ಯಪಲ್ ಕಂಪನಿ 2016ರಲ್ಲಿ ಐಫೋನ್ 7ರಿಂದ ಈ ಕಿಂಡಿಯನ್ನು ಕೈಬಿಟ್ಟ ನಂತರ ಇತರ ಕಂಪನಿಗಳೂ ಅದೇ ಹಾದಿ ಹಿಡಿದಿವೆ. ಕಿಂಡಿ ಇಲ್ಲದಿದ್ದರೆ ಟೈಪ್-ಸಿ ಪರಿವರ್ತಕ ಕೊಳ್ಳಬೇಕಾಗುತ್ತದೆ; ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬ್ಲೂಟೂತ್‌ನ ಅನುಕೂಲ ತುಂಬಿದ ಬಸ್ಸಿನಲ್ಲಿ ಗೊತ್ತಾಗುತ್ತದೆ. ಯಾರದೋ ಚೀಲಕ್ಕೆ ತಂತಿ ಸಿಕ್ಕಿ ಮೊಬೈಲ್ ಕೆಳಗೆ ಬೀಳುವ ಭಯವಿಲ್ಲ. ಆದರೆ ಬ್ಯಾಟರಿಗೆ ಆಯುಷ್ಯವಿದೆ. ಅಗ್ಗದ ಮಾದರಿಗಳಲ್ಲಿ ಅದನ್ನು ಬದಲಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಬ್ಯಾಟರಿ ಮುಗಿದಾಗ ತಂತಿ ಸಿಕ್ಕಿಸಿ ಕೇಳಬಹುದಾದ ಮಾದರಿಯನ್ನು ಆರಿಸುವುದು ಜಾಣತನ. ಬ್ಯಾಟರಿ ಸತ್ತ ಮೇಲೂ ಹೆಡ್‌ಫೋನ್ ಉಪಯೋಗಕ್ಕೆ ಬರುತ್ತದೆ.

ಎಷ್ಟು ಹಣಕ್ಕೆ ಏನು ನಿರೀಕ್ಷಿಸಬಹುದು?

ಬೆಲೆಗಳು ಮಾದರಿ, ಹಬ್ಬದ ರಿಯಾಯಿತಿಗಳಿಗೆ ಅನುಗುಣವಾಗಿ ಬದಲಾಗುತ್ತಿರುತ್ತವೆ. ಸ್ಥೂಲವಾಗಿ ಮೂರು ಹಂತಗಳನ್ನು ಗುರುತಿಸಬಹುದು.

ಸುಮಾರು 1,000 ರೂಪಾಯಿವರೆಗೆ: ಹೆಸರುಳ್ಳ ಕಂಪನಿಗಳ ತಂತಿಯುಳ್ಳ ಆನ್ ಇಯರ್ ಈ ಹಂತದ ಉತ್ತಮ ಆಯ್ಕೆ. ಇದೇ ಬೆಲೆಗೆ ಬ್ಲೂಟೂತ್, ಎಫ್‌ಎಂ, ಮೆಮೊರಿ ಕಾರ್ಡ್, ಬಣ್ಣದ ದೀಪ ಎಲ್ಲವನ್ನೂ ಕೊಡುವ ಹೆಸರಿಲ್ಲದ ಮಾದರಿಗಳಿಂದ ದೂರವಿರುವುದು ಲೇಸು. ಎಲ್ಲವನ್ನೂ ಅಷ್ಟು ಹಣಕ್ಕೆ ಕೊಡಬೇಕಾದರೆ ಎಲ್ಲಾದರೂ ಕೈಬಿಗಿ ಮಾಡಿರಲೇಬೇಕು; ಅದು ಪೊರೆ ಮತ್ತು ಮೆತ್ತೆಯಲ್ಲೇ ಆಗಿರುತ್ತದೆ.

1,000ದಿಂದ 2,500 ರೂಪಾಯಿ: ತಂತಿಯುಳ್ಳ ಓವರ್ ಇಯರ್, ಅಥವಾ ಬ್ಲೂಟೂತ್ ಆನ್ ಇಯರ್ ಮಾದರಿಗಳು ಇಲ್ಲಿವೆ. ದಿನನಿತ್ಯ ಒಂದು ಗಂಟೆಗಿಂತ ಹೆಚ್ಚು ಪ್ರಯಾಣಿಸುವವರು ಈ ಹಂತದಿಂದ ಆರಂಭಿಸುವುದು ಸೂಕ್ತ.

2,500ರಿಂದ 5,000 ರೂಪಾಯಿ: ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಓವರ್ ಇಯರ್ ಮಾದರಿಗಳು ಸಿಗುತ್ತವೆ. ಎಂಜಿನ್ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಪ್ರಯಾಣ ಮಾಡುವವರಿಗೆ ಈ ಖರ್ಚು ಸಾರ್ಥಕ. ಉಳಿದವರಿಗೆ ಎರಡನೇ ಹಂತವೇ ಸಾಕು.

ಅಂಗಡಿಯಲ್ಲಿ ಐದು ನಿಮಿಷ

ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯಾಗಲಿ, ಮೈಸೂರಿನ ದೊಡ್ಡ ಮಳಿಗೆಯಾಗಲಿ, ಪ್ರದರ್ಶನಕ್ಕಿಟ್ಟ ಮಾದರಿಯನ್ನು ತಲೆಗೆ ಹಾಕಿ ನೋಡಲು ಕೇಳಿ. ನೋಡಬೇಕಾದ ಅಂಶಗಳು ಇಷ್ಟು:

1. ಹಾಡು ಹಾಕದೆಯೇ ಹೆಡ್‌ಫೋನ್ ಧರಿಸಿ. ಫ್ಯಾನಿನ ಸದ್ದು, ರಸ್ತೆಯ ಮಾತು ಎಷ್ಟು ತಗ್ಗಿತು ಗಮನಿಸಿ. ಇದೇ ಮುಖ್ಯ ಪರೀಕ್ಷೆ.

2. ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಸದ್ದು ಬಹಳ ಕಡಿಮೆಯಾಗಿ, ಬೇಸ್ ಹೆಚ್ಚಿದರೆ ಮೆತ್ತೆ ಸರಿಯಾಗಿ ಕೂತಿಲ್ಲ ಎಂದರ್ಥ. ಬೇರೆ ಮಾದರಿ ನೋಡಿ.

3. ನಿತ್ಯ ಧರಿಸುವ ಕನ್ನಡಕ, ಓಲೆ, ಜುಮುಕಿಗಳ ಸಮೇತ ಪರೀಕ್ಷಿಸಿ. ಕನ್ನಡಕದ ಕಡ್ಡಿ ಮೆತ್ತೆಯಲ್ಲಿ ಸಂದು ಮಾಡುತ್ತದೆ. ಜುಮುಕಿ ಮೇಲೆ ಮೆತ್ತೆ ಒತ್ತಿದರೆ ಹತ್ತು ನಿಮಿಷದಲ್ಲಿ ನೋವು. ಜಡೆ, ತುರುಬು, ಮುಡಿದ ಹೂವಿಗೆ ತಲೆಪಟ್ಟಿ ಅಡ್ಡಿಯಾಗುವುದೇ ನೋಡಿ.

4. ಹೊಸ ಹಾಡು ಬೇಡ, ಕಂಠಪಾಠವಾಗಿರುವ ಹಾಡನ್ನು ಹಾಕಿ. ಪಿ.ಬಿ.ಶ್ರೀನಿವಾಸ್, ಎಸ್.ಜಾನಕಿ ಅವರ ಧ್ವನಿ ನಿಮಗೆ ಗೊತ್ತಿರುವಂತೆಯೇ ಕೇಳಿಸುತ್ತದೆಯೇ? ‘ಸ’ಕಾರ, ‘ಶ’ಕಾರ ಕಿವಿ ಚುಚ್ಚುತ್ತವೆಯೇ? ತಬಲಾ ಪೆಟ್ಟು ಬಿಡಿಬಿಡಿಯಾಗಿ ಕೇಳಿಸುತ್ತದೆಯೇ, ಒಂದಕ್ಕೊಂದು ಅಂಟಿಕೊಂಡಿದೆಯೇ?

5. ಮೊಬೈಲ್‌ನ ಅರ್ಧ ವಾಲ್ಯೂಮ್‌ನಲ್ಲಿ ಅಂಗಡಿಯ ಗದ್ದಲದ ನಡುವೆ ಮಾತು ತಿಳಿಯಬೇಕು. ವಾಲ್ಯೂಮನ್ನು ಗರಿಷ್ಠ ಮಟ್ಟದ ಶೇ 60ರೊಳಗೆ ಇರಿಸಿಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

6. ತಲೆ ಅಲ್ಲಾಡಿಸಿ, ಬಗ್ಗಿ ನೋಡಿ. ಜಾರಬಾರದು. ಹಾಗೆಂದು ಕಪಾಲವನ್ನು ಹಿಂಡುವಂತೆಯೂ ಇರಬಾರದು.

7. ಮೆತ್ತೆ ಕಳಚಲು ಬರುತ್ತದೆಯೇ, ಬದಲಿ ಮೆತ್ತೆ ಸಿಗುತ್ತದೆಯೇ ಕೇಳಿ. ರೆಕ್ಸಿನ್ ಮಾದರಿಯ ಮೆತ್ತೆ ಬೆವರಿಗೆ ಸಿಪ್ಪೆ ಏಳುತ್ತದೆ. ಮೆತ್ತೆ ಹರಿದರೆ ಸದ್ದು ತಡೆಯುವ ಗುಣವೂ ಹೋಯಿತು. ಬಳಸಿದ ನಂತರ ಒಣಬಟ್ಟೆಯಲ್ಲಿ ಒರೆಸಿದರೆ ಹೆಚ್ಚು ಕಾಲ ಬಾಳುತ್ತದೆ.

ಅಂತರ್ಜಾಲದಲ್ಲಿ ತರಿಸುವುದಾದರೆ ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿ, ಹೊಂದದಿದ್ದರೆ ಹಿಂದಿರುಗಿಸುವ ಅವಕಾಶವಿದೆಯೇ, ಎಷ್ಟು ದಿನದೊಳಗೆ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ‘ಬದಲಿ ಮಾತ್ರ, ಹಣ ವಾಪಸ್ ಇಲ್ಲ’ ಎಂಬ ಷರತ್ತು ಇದ್ದರೆ ಹೊಂದದ ಹೆಡ್‌ಫೋನ್‌ಗೆ ಬದಲಾಗಿ ಅಂಥದ್ದೇ ಇನ್ನೊಂದು ಬರುತ್ತದೆ, ಅಷ್ಟೆ.

ಬಿಲ್, ವಾರಂಟಿ, ದೂರು

ಹೆಸರುಳ್ಳ ಕಂಪನಿಗಳ ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ಪ್ಯಾಕ್ ಮಾಡಿದ ವಸ್ತುಗಳ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು-ವರ್ಷ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ಹೇಳುತ್ತವೆ. ಬ್ಲೂಟೂತ್ ಹೆಡ್‌ಫೋನ್‌ಗಳು ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ವ್ಯಾಪ್ತಿಗೆ ಬರುವುದರಿಂದ ಅವುಗಳ ಮೇಲೆ ಬಿಐಎಸ್ ಗುರುತು ಮತ್ತು ನೋಂದಣಿ ಸಂಖ್ಯೆಯನ್ನು ಹುಡುಕಿ. ಇವು ಯಾವುವೂ ಇಲ್ಲದ ಡಬ್ಬ ಎಷ್ಟೇ ಅಗ್ಗವಾದರೂ ಬೇಡ.

ಬಿಲ್ ಪಡೆಯುವುದು ಕಡ್ಡಾಯ. ಬಿಲ್ ಇಲ್ಲದೆ ವಾರಂಟಿ ಸಾಬೀತುಪಡಿಸುವುದು ಕಷ್ಟ. ಕಂಪನಿಯ ಸೇವಾ ಕೇಂದ್ರ ಮಂಡ್ಯ ಅಥವಾ ಮೈಸೂರಿನಲ್ಲಿದೆಯೇ, ಇಲ್ಲವಾದರೆ ಕೊರಿಯರ್ ಮೂಲಕ ಕಳುಹಿಸುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಎಂಟುನೂರು ರೂಪಾಯಿಯ ವಸ್ತುವಿನ ದುರಸ್ತಿಗಾಗಿ ಬೆಂಗಳೂರಿಗೆ ಎರಡು ಬಾರಿ ಹೋಗಿಬರಬೇಕಾದರೆ ವಾರಂಟಿ ಇದ್ದೂ ಇಲ್ಲದಂತೆ.

ಅಂಗಡಿಯವರಾಗಲಿ, ಕಂಪನಿಯಾಗಲಿ ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಮಂಡ್ಯದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅನ್ವಯ ವಸ್ತು ಕೊಂಡ ಊರು ಬೇರೆಯಾದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಅಂತರ್ಜಾಲದಲ್ಲಿ ಕೊಂಡವರಿಗೆ ಇದರಿಂದ ಬಹಳ ಅನುಕೂಲ.

ಎಲ್ಲಿ ಧರಿಸಬಾರದು?

ಹೊರಗಿನ ಸದ್ದು ಕೇಳಿಸದಂತೆ ಮಾಡುವುದೇ ಈ ಸಾಧನದ ಗುಣ. ಅದೇ ಗುಣ ಕೆಲವೆಡೆ ಪ್ರಾಣಾಪಾಯಕ್ಕೆ ದಾರಿ. ದ್ವಿಚಕ್ರ ವಾಹನ ಓಡಿಸುವಾಗ, ಹೆದ್ದಾರಿಯ ಸರ್ವಿಸ್ ರಸ್ತೆ ದಾಟುವಾಗ, ರೈಲು ಹಳಿಯ ಸಮೀಪ ನಡೆಯುವಾಗ ಹೆಡ್‌ಫೋನ್ ಕುತ್ತಿಗೆಗೆ ಇಳಿಯಲಿ. ವಿದ್ಯುದೀಕರಣಗೊಂಡ ಬೆಂಗಳೂರು-ಮೈಸೂರು ಜೋಡಿ ಮಾರ್ಗದಲ್ಲಿ ಒಂದು ಹಳಿಯ ರೈಲು ಹೋಯಿತೆಂದು ದಾಟುವವರಿಗೆ ಇನ್ನೊಂದು ಹಳಿಯ ರೈಲು ಕಾಣದಿರಬಹುದು. ಆಗ ಎಚ್ಚರಿಸುವುದು ಅದರ ಸದ್ದು, ಅದರ ಹಾರ್ನ್ ಮಾತ್ರ. ರಾತ್ರಿ ಕೊನೆಯ ಬಸ್ಸಿನಲ್ಲಿ ಒಂಟಿಯಾಗಿ ಇಳಿಯುವವರೂ ನಿಲ್ದಾಣ ಬರುವ ಮೊದಲೇ ಹೆಡ್‌ಫೋನ್ ತೆಗೆಯುವುದು ಕ್ಷೇಮ.

ಕಿವಿ ನೀಡುವ ಮುನ್ಸೂಚನೆ

ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು, ಎದುರಿನವರ ಮಾತು ಹತ್ತಿ ತುಂಬಿದ ಕಿವಿಗೆ ಬಿದ್ದಂತೆ ಕೇಳಿಸುವುದು, ಮದುವೆ ಮನೆ, ಸಂತೆಯಂಥ ಗದ್ದಲದಲ್ಲಿ ಮಾತು ಹಿಡಿಯಲಾಗದಿರುವುದು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಒಂದೆರಡು ದಿನದಲ್ಲಿ ಕಡಿಮೆಯಾಗದಿದ್ದರೆ, ಪದೇ ಪದೇ ಆಗುತ್ತಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಭಾಗದ ಜನರ ಅದೃಷ್ಟವೆಂದರೆ ದೇಶದ ಪ್ರಮುಖ ಶ್ರವಣ ಸಂಸ್ಥೆ ಹತ್ತಿರದಲ್ಲಿಯೇ ಇದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಈ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿಯೂ ಸಂಸ್ಥೆ ಈ ಹಿಂದೆ ತನ್ನ ವಿಸ್ತರಣಾ ಸೇವೆಯನ್ನು ಆರಂಭಿಸಿತ್ತು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬಹುದು. ಹೋಗುವ ಮುನ್ನ ಹೊರರೋಗಿ ವಿಭಾಗದ ಸಮಯವನ್ನು ದೂರವಾಣಿ ಮೂಲಕ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ, ರಜೆ ವ್ಯರ್ಥವಾಗುವುದು ತಪ್ಪುತ್ತದೆ.